ಕೆರೆಯ ಗಡ್ಡೆಗೆ ಹೊರಟ ಹಂಸ

ಮೊನ್ನೆ ನಮ್ಮ ಗೇಟಿಗೆ ಬಿಳಿ ಬಣ್ಣ ಹೊಡೆಸಿದೆ. ಚನ್ನಪಟ್ಟಣದ ನಮ್ಮ ಬೀದಿಯ ಧೂಳಿನಲ್ಲಿ ಗೇಟಿಗೆ ಬಿಳಿ ಬಣ್ಣ ಹೊಡೆಸುವ ಧೈರ್ಯ ಯಾರಿಗೂ ಇಲ್ಲ. "ಒಂದು ವಾರಕ್ಕೆ ಬೂದಿ ಬಣ್ಣ ಆಯ್ತದೆ" ಎಂದು ನಮ್ಮ ಯಜಮಾನರು ಎಚ್ಚರಿಸಿದರು. ಅವರು ಎಚ್ಚರಿಸಿದ್ದರಿಂದಲೇ ನಾನು ಬಿಳಿಯನ್ನೇ ಹೊಡೆಸಬೇಕಾಗಿ ಬಂತು. ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿದು ನನಗೆ ನಗು ಉಕ್ಕಿ ಬಂತು. ಬಣ್ಣದವನು ಅಂಗಿಯ ಗುಂಡಿ ಏನಾದರೂ ತಪ್ಪಾಗಿ ಹಾಕಿಕೊಂಡಿದ್ದೇನೋ ಎಂದು ನೋಡಿಕೊಂಡ.

"ನಿನ್ನ ನೋಡಿ ನಗ್ತಿಲ್ಲ ಕಣಪ್ಪ, ಒಂದು ಹಂಸ ನೆನಪಾಯ್ತು" ಎಂದೆ.

ಅವನು ಆಮೇಲೆ ನನ್ನ ಕಡೆ ತಿರುಗದೆ ಕೆಲಸ ಮುಗಿಸಿದ. ಅವನಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಹುಟ್ಟಿದ್ದು ಮಾಗಡಿ ಕಡೆಯ ಕುದೂರು. ಕುದುರು ಎಂದರೆ ನೀರಿನ ನಡುವಿನ ದಿಬ್ಬ ಎಂದು ನಮ್ಮ ಕನ್ನಡ ಮೇಷ್ಟ್ರು ಒಮ್ಮೆ ಹೇಳಿದ್ದರು. ನಾನು ಕಿಟಕಿಯಿಂದ ಆಚೆ ನೋಡಿದೆ. ಸುತ್ತ ರಾಗಿ ಹೊಲ, ಅದರಾಚೆ ಇನ್ನೊಂದು ರಾಗಿ ಹೊಲ. ಹೆಸರಿಗೂ ಊರಿಗೂ ಸಂಬಂಧ ಇರಲೇಬೇಕೆಂದೇನಿಲ್ಲ ಎಂದು ಅವತ್ತೇ ಕಲಿತೆ. ನಿಜವಾದ ನಡುಗಡ್ಡೆಯನ್ನು ನಾನು ಕಂಡದ್ದು ಮದುವೆಯಾಗಿ ಬಂದ ಮೇಲೆ. ಯಜಮಾನರ ಊರು ಹೊಂಗನೂರಿನಿಂದ ಒಳಗೆ, ಆಗ ಬಸ್ಸಿಳಿದು ಬಹಳ ದೂರ ನಡೆಯಬೇಕಿತ್ತು. ಊರಿನ ತಲೆಗೆ ಕೆರೆ, ಕೆರೆಯ ನಡುವೆ ಒಂದು ಗಡ್ಡೆ. ಗಡ್ಡೆ ಎಂದರೆ ಏನೋ ಎಂದುಕೊಳ್ಳಬೇಡಿ. ನಾಲ್ಕು ಮನೆ ಕಟ್ಟಿದರೆ ಐದನೆಯವನಿಗೆ ಚಪ್ಪಲಿ ಬಿಡಲೂ ಜಾಗವಿರದಷ್ಟು ಮಣ್ಣು, ಅದರ ತುಂಬ ಜಾಲಿ ಮರ. ಸಂಕ್ರಾಂತಿ ಕಳೆದ ಮೇಲೆ ಆ ಜಾಲಿಗಳು ಮುಳ್ಳು ಕಾಣದಷ್ಟು ಹಕ್ಕಿ ಹೊತ್ತು ನಿಲ್ಲುತ್ತಿದ್ದವು. ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ. ಗಾಳಿ ಈ ಕಡೆ ತಿರುಗಿದರೆ ಇಡೀ ಊರು ಮೂಗು ಮುಚ್ಚಿಕೊಳ್ಳುತ್ತಿತ್ತು. ಹಕ್ಕಿಗಳನ್ನು ಚೆಂದವೆಂದು ಬರೆಯುವವರು ಈ ವಾಸನೆಯ ವಿಷಯವನ್ನು ಯಾಕೋ ಬರೆಯುವುದಿಲ್ಲ.

ಚನ್ನಪಟ್ಟಣಕ್ಕೆ ಬರುವ ಮೊದಲು ನಾವೂ ಆ ಊರಿನ ಮನೆಯಲ್ಲೇ ಇದ್ದೆವು. ನನಗೆ ಆ ಹಕ್ಕಿಗಳ ಪರಿಚಯ ಮಾಡಿಸಿದವರು ನನ್ನ ಓರಗಿತ್ತಿ ಜಯಮ್ಮಕ್ಕ, ದೊಡ್ಡ ಬಾವನವರ ಹೆಂಡತಿ. ಮಧ್ಯಾಹ್ನ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಮುಗಿಸಿದರೆ ಅಕ್ಕ ಸೀದಾ ಕೆರೆ ಏರಿಗೆ. ಬೇರೆ ಮನೆಯ ಹೆಂಗಸರು ಟೀವಿಯಲ್ಲಿ ಧಾರಾವಾಹಿ ನೋಡುವ ಹೊತ್ತಿಗೆ ಅಕ್ಕ ಗಡ್ಡೆಯ ಧಾರಾವಾಹಿ ನೋಡುತ್ತಿದ್ದರು. ಒಂದೊಂದು ಹಕ್ಕಿಗೂ ನೆಂಟರ ಹೆಸರು.

"ನೋಡೇ, ಆ ತುದೀಲಿ ಕುಂತು ಎಲ್ಲಾರ ಗೂಡ್ನಿಂದ ಕಡ್ಡಿ ಕದಿಯೋದು, ಅದು ನನ್ ನಾದಿನಿ. ಮೀನ್ ತಂದು ಹೆಂಡ್ತಿಗೆ ಕೊಡ್ದೆ ತಾನೇ ನುಂಗ್ತದಲ್ಲ, ಅದ್ಯಾರು ಹೇಳು?"

ನನಗೆ ಗೊತ್ತಾಗಲಿಲ್ಲ.

"ನಿಮ್ ಬಾವ!"

ಕತ್ತು ಬಗ್ಗಿಸಿ ಎಲ್ಲರನ್ನೂ ಗದರುವ ಒಂದು ಮುದಿ ಕೊಕ್ಕರೆಯೂ ಇತ್ತು. ಅದರ ಹೆಸರು ಹೇಳುವಾಗ ಮಾತ್ರ ಅಕ್ಕ ಹಿಂದೆ ತಿರುಗಿ, ನಮ್ಮ ಅತ್ತೆ ಹತ್ತಿರದಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಇನ್ನು ಬಾವ. ಪುಟ್ಟಮಾದೇಗೌಡರು ಎಂದರೆ ಸುತ್ತಿನ ಊರಿಗೆಲ್ಲ ಗೊತ್ತು. ಒಳ್ಳೆಯ ಮನುಷ್ಯ, ಒಳ್ಳೆಯ ಧ್ವನಿ. ಮನೆಯೊಳಗೆ ಉಪ್ಪು ಕೇಳಿದರೂ ಬೀದಿಯ ಕೊನೆಯವರು ಉಪ್ಪಿನ ಡಬ್ಬ ತೆಗೆಯಬೇಕು, ಅಂಥ ಧ್ವನಿ. ಅವರು ಪಂಚಾಯ್ತಿ ಅಧ್ಯಕ್ಷರಾದರು. ಅದೇ ಸಲ ಹೆಂಗಸರಿಗೆ ಮೀಸಲಾದ ಸೀಟಿಗೆ, ಡಿಗ್ರಿ ಓದಿದ್ದಾಳೆ ಎಂಬ ಒಂದೇ ಕಾರಣಕ್ಕೆ, ನನ್ನನ್ನು ನಿಲ್ಲಿಸಿ ಗೆಲ್ಲಿಸಿಬಿಟ್ಟರು. ಸಭೆಯಲ್ಲಿ ನನ್ನ ಕೆಲಸ ಮುಖ್ಯವಾಗಿ ಬಿಸ್ಕತ್ತಿನ ತಟ್ಟೆಯನ್ನು ಪಕ್ಕದವರಿಗೆ ದಾಟಿಸುವುದಾಗಿತ್ತು. ಅದನ್ನು ನಾನು ಯಾವ ಆಕ್ಷೇಪಣೆಗೂ ಆಸ್ಪದವಿಲ್ಲದಂತೆ ನಿರ್ವಹಿಸಿದೆ.

ಒಂದು ಸಲ ಬಾವ ಯಾವುದೋ ಜಲಾಶಯ ನೋಡಿಕೊಂಡು ಬಂದರು. ಅಲ್ಲಿ ಹಂಸದ ಆಕಾರದ ದೋಣಿಗಳಂತೆ, ಗಂಡ ಹೆಂಡತಿ ಕೂತು ಸೈಕಲ್ ತುಳಿದಂತೆ ತುಳಿದರೆ ಮುಂದೆ ಹೋಗುತ್ತವಂತೆ, ಅದನ್ನು ನೋಡಲು ದಿನವೂ ಬಸ್ಸು ತುಂಬಿ ಜನವಂತೆ. ಬಾವನ ಕಣ್ಣಿಗೆ ದೋಣಿ ಬಿದ್ದದ್ದು ಹೌದು. ಆದರೆ ಮನಸ್ಸಿಗೆ ಬಿದ್ದದ್ದು ಬಸ್ಸು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮೂರಿಗೆ ಬಸ್ಸಿರಲಿಲ್ಲ. ಬಾಣಂತಿಯರು ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಬೈರಾಪಟ್ಟಣದ ಮಗಳ ಮನೆಗೆ ಹೋಗುವುದೆಂದರೆ ನಮ್ಮ ಅತ್ತೆ ಹಿಂದಿನ ದಿನದಿಂದಲೇ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಶಿಲ್ಪ ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದಿದ್ದಳು. ಮಳೆಗಾಲದಲ್ಲಿ ಹೊಂಗನೂರಿನ ತನಕ ನಡೆದು ಬಸ್ಸು ತಪ್ಪಿಸಿಕೊಂಡು, ಕಾಲೇಜು ತಪ್ಪಿಸಿಕೊಂಡು, ಕೊನೆಗೆ ಬಿಟ್ಟೇಬಿಟ್ಟಳು. ಬಾವ ಅರ್ಜಿ ಹಿಡಿದು ಹೋದಾಗಲೆಲ್ಲ "ನಿಮ್ಮೂರಿಗೆ ಯಾರ್ರೀ ಬರ್ತಾರೆ?" ಎಂಬ ಪ್ರಶ್ನೆಯೇ ಎದುರಾಗುತ್ತಿತ್ತು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಈಗ ಸಿಕ್ಕಿತ್ತು.

ಗ್ರಾಮಸಭೆಯಲ್ಲಿ ಬಾವ ಎದ್ದು ನಿಂತರು. ಮೈಕು ಇತ್ತು, ಅವರಿಗೆ ಬೇಕಿರಲಿಲ್ಲ.

"ಗಡ್ಡೆ ಮೇಲಿನ ಜಾಲಿ ತೆಗಿಸಿ ಸಿಮೆಂಟ್ ಹಾಕುಸ್ತೀವಿ. ಒಂದು ಕ್ಯಾಂಟೀನು, ನಾಕು ಛತ್ರಿ, ಬಣ್ಣದ್ ಲೈಟು. ಇಲ್ಲಿಂದ ಅಲ್ಲಿಗೆ ಹಂಸದ್ ದೋಣಿ. ಜನ ಬತ್ತದೆ. ಜನ ಬಂದ್ರೆ ಬಸ್ ಬತ್ತದೆ. ಬಸ್ ಬಂತೋ, ಆಮೇಕೆ ಎಲ್ಲಾ ತಾನಾಗೇ ಬತ್ತದೆ!"

ಚಪ್ಪಾಳೆ. ನಾನೂ ತಟ್ಟಿದೆ. ಬಸ್ಸು ಯಾರಿಗೆ ಬೇಡ?

ಆಗ ಹೆಂಗಸರ ಸಾಲಿನಿಂದ ಜಯಮ್ಮಕ್ಕ ಎದ್ದರು. "ಅಧ್ಯಕ್ಷರ್ನ ಒಂದ್ ಮಾತು ಕೇಳ್ಬೇಕು. ಜಾಲಿ ಕಡುದ್ರೆ ಹಕ್ಕಿ ಎಲ್ಲಿಗೋಯ್ತವೆ?"

ಬಾವನಿಗೆ ಹೆಂಡತಿ ಸಭೆಯಲ್ಲಿ ಪ್ರಶ್ನೆ ಕೇಳುತ್ತಾಳೆಂಬ ಕಲ್ಪನೆಯೇ ಇರಲಿಲ್ಲ. ಒಂದು ಗಳಿಗೆ ತಡವರಿಸಿ, "ಹಕ್ಕಿಗೇನಮ್ಮಾ, ಅಷ್ಟಗಲ ಆಕಾಶ ಐತಲ್ಲ!" ಎಂದುಬಿಟ್ಟರು.

ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕ ನಗಲಿಲ್ಲ. "ಆಕಾಸದಲ್ಲಿ ಮೊಟ್ಟೆ ಇಡಕ್ಕಾಯ್ತದಾ?" ಎಂದಷ್ಟೇ ಕೇಳಿ, ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಅವತ್ತಿನಿಂದ ಗಂಡನೊಂದಿಗೆ ಮಾತು ಬಂದ್.

ಒಂದೇ ಮನೆಯಲ್ಲಿದ್ದು ಮಾತು ಬಿಡುವುದು ಸುಲಭವಲ್ಲ, ಮಧ್ಯೆ ಒಬ್ಬರು ಬೇಕು. ಆ ಒಬ್ಬಳು ನಾನಾದೆ. "ಊಟಕ್ಕೆ ಬರಾಕ್ ಹೇಳೇ ಅಧ್ಯಕ್ಷರಿಗೆ" ಎಂದು ಅಕ್ಕ ಅಡುಗೆಮನೆಯಿಂದ ಹೇಳುತ್ತಿದ್ದರು. ನಾನು ಎರಡು ಹೆಜ್ಜೆ ಬಂದು ಅದನ್ನು ಬಾವನಿಗೆ ಹೇಳುತ್ತಿದ್ದೆ. "ಸಾರಿಗೆ ಉಪ್ಪು ಕಮ್ಮಿ ಆಗದೆ ಅನ್ನವ್ವ ಆಯಮ್ಮಂಗೆ" ಎಂದು ಬಾವ ಗುಡುಗುತ್ತಿದ್ದರು. ಬೀದಿಯ ಕೊನೆಯವರಿಗೂ ಕೇಳಿಸಿದ್ದನ್ನು ನಾನು ಮತ್ತೆ ಅಡುಗೆಮನೆಗೆ ಹೊತ್ತು ಒಯ್ಯುತ್ತಿದ್ದೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಷ್ಟವಿತ್ತು. ಏರಿಯ ಮೇಲೆ ಅಕ್ಕನ ಪಕ್ಕ ಕೂತಾಗ ಹಕ್ಕಿ ಇರಲಿ ಅನ್ನಿಸುತ್ತಿತ್ತು, ಹೊಂಗನೂರಿನಿಂದ ಬಿಸಿಲಲ್ಲಿ ನಡೆದು ಬರುವಾಗ ಜಾಲಿ ಮರಗಳನ್ನು ನಾನೇ ಕಡಿದುಹಾಕುವಷ್ಟು ಕೋಪ ಬರುತ್ತಿತ್ತು.

ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಹಂಸ ಬಂತು. ತಲೆ ಇರಲಿಲ್ಲ.

ಎಲ್ಲೋ ಬೇಡವೆಂದು ಮೂಲೆಗೆ ಹಾಕಿದ್ದ ಹಳೆಯ ದೋಣಿಯನ್ನು ಬಾವ ಹಿಡಿದು ತಂದಿದ್ದರು. ನಾಲ್ಕು ಜನ ಕೂರುವ ಹಾಗಿತ್ತು, ತುಳಿಯುವ ಪೆಡಲ್ ಇತ್ತು, ರೆಕ್ಕೆಯ ಆಕಾರವೂ ಇತ್ತು. ಕತ್ತು ಮಾತ್ರ ಬುಡದಲ್ಲೇ ಮುರಿದಿತ್ತು. "ಅದೇನ್ ಮಹಾ, ನಮ್ ಚನ್ನಪಟ್ಣದಲ್ಲಿ ಮರದಲ್ಲಿ ಏನ್ ಬೇಕಾದ್ರೂ ಮಾಡ್ತರೆ" ಎಂದು ಬಾವ ಗೊಂಬೆ ಮಾಡುವ ಗಫಾರ್ ಸಾಬರ ಬಳಿಗೆ ಹೋದರು. ಸಾಬರು ಮಕ್ಕಳು ಕೂತು ತೂಗಾಡುವ ಕುದುರೆ ಮಾಡುವುದರಲ್ಲಿ ಹೆಸರುವಾಸಿ. ಒಂದು ಬೆಳಿಗ್ಗೆ ಗೋಣಿಯಲ್ಲಿ ಸುತ್ತಿದ ಕತ್ತು ಬಂತು. ಜೊತೆಗೆ ಸಾಬರೂ ಬಿಳಿ ಬಣ್ಣದ ಡಬ್ಬವೂ ಬಂದರು. ಕತ್ತು ಜೋಡಿಸಿ, ಬಣ್ಣ ಹೊಡೆದು, ಕೆಂಪು ಕೊಕ್ಕು ತೀಡಿ, ಎಲ್ಲರೂ ದೂರ ನಿಂತು ನೋಡಿದರು.

 ಕೊನೆಗೆ ನಮ್ಮ ಅತ್ತೆ ಕೇಳಿದರು: "ಸಾಬ್ರೇ, ಇದು ಹಂಸನೋ, ಕುದ್ರೆಯೋ?"

ಸಾಬರು ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ನೋಡಿದರು. "ಏನ್ ಮಾಡೋದಮ್ಮಾ, ಕೈಗೆ ಕುದ್ರೆ ಅಭ್ಯಾಸ ಆಗ್ಬಿಟ್ಟಿದೆ. ಕತ್ತಿನ ತನಕ ಹಂಸಾನೇ ಬಂತು. ಮುಖಕ್ಕೆ ಬರೋ ಹೊತ್ತಿಗೆ ಕೈ ಹಳೇ ದಾರಿ ಹಿಡೀತು. ನೀರಿಗೆ ಬಿಡಿ, ನೀರಲ್ಲಿ ಇರೋದೆಲ್ಲಾ ಹಂಸಾನೇ."

ಬಾವನಿಗೆ ಇದು ಸಮರ್ಪಕವಾದ ಉತ್ತರವೆನಿಸಿತು.

ದೋಣಿ ನೀರಿಗಿಳಿಯುವ ದಿನ ಊರಿಗೆ ಊರೇ ಏರಿಯ ಮೇಲೆ. ತಮಟೆಯವರೂ ಬಂದಿದ್ದರು. ಬಾವ ಗರಿಗರಿ ಪಂಚೆ ಉಟ್ಟು ಮುಂದೆ ಕೂತರು. ಮಹಿಳಾ ಸದಸ್ಯರು ಇರಬೇಕೆಂದು ನನ್ನನ್ನೂ ಹತ್ತಿಸಿದರು. ನನಗೆ ಈಜು ಬಾರದು, ಕುದೂರಿನಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಹಿಂದಿನ ಸೀಟಿನ ಕಂಬಿ ಹಿಡಿದು ಮನೆದೇವರನ್ನು ನೆನೆಯುತ್ತಿದ್ದಾಗ ಜನರನ್ನು ಸರಿಸಿಕೊಂಡು ಅಕ್ಕ ಬಂದರು.

"ಹೇಳೇ ಅಧ್ಯಕ್ಷರಿಗೆ, ನಾನೂ ಬತ್ತೀನಿ."

ಬಾವ ಆಕಾಶ ನೋಡುತ್ತ, "ಬಂದ್ರೆ ಬರ್ಲಿ ಅನ್ನು, ತುಳೀಬೇಕಾಯ್ತದೆ" ಎಂದರು. ಪೆಡಲ್ ಇದ್ದದ್ದು ಮುಂದಿನ ಎರಡು ಸೀಟಿಗೆ. ಹಾಗಾಗಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಗಂಡ ಹೆಂಡಿರು ಇಡೀ ಊರಿನ ಎದುರು ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಸಮನೆ ತುಳಿಯುತ್ತ ಹೊರಟರು. ಕುದುರೆಮುಖದ ಹಂಸ ಸ್ವಲ್ಪ ಎಡಕ್ಕೆ ವಾಲಿಕೊಂಡು ಸಾಗಿತು. ಅಕ್ಕ ತೂಕದವರು.

ಗಡ್ಡೆ ಹತ್ತಿರವಾಗುತ್ತಿದ್ದಂತೆ ತಮಟೆಯ ಸದ್ದಿಗೋ ಹಂಸದ ಮುಖಕ್ಕೋ ಬೆದರಿ ಹಕ್ಕಿಗಳು ಒಟ್ಟಿಗೇ ಎದ್ದವು. ಅಷ್ಟು ದೊಡ್ಡ ರೆಕ್ಕೆಗಳು ಒಟ್ಟಿಗೆ ಬಿಚ್ಚಿದರೆ ಜೋಳದ ಹೊಲಕ್ಕೆ ಬಿರುಗಾಳಿ ಹೊಕ್ಕ ಹಾಗೆ ಸದ್ದು. ಬೆದರಿದ ಹಕ್ಕಿ ಹಾರುವ ಮೊದಲು ಹೊಟ್ಟೆಯ ಭಾರ ಇಳಿಸಿಕೊಳ್ಳುತ್ತದೆ ಎಂಬುದು ನಮಗಾಗ ಗೊತ್ತಾಯಿತು. ನಾನು ಸೆರಗು ಹೊದ್ದುಕೊಂಡೆ. ಅಕ್ಕ ಛತ್ರಿ ಬಿಚ್ಚಿದರು. ಅದನ್ನು ಅವರು ಯಾಕೆ ತಂದಿದ್ದರೆಂದು ನನಗೆ ಅಷ್ಟು ಹೊತ್ತೂ ತಿಳಿದಿರಲಿಲ್ಲ. ಬಾವನ ಗರಿಗರಿ ಪಂಚೆಯ ವಿಷಯ ಬೇಡ ಬಿಡಿ.

ಅದೇ ಹೊತ್ತಿಗೆ ಪೆಡಲಿಗೆ ಅಂತರಗಂಗೆ ಕಳೆಯ ಬೇರು ಸುತ್ತಿಕೊಂಡು ದೋಣಿ ಗಡ್ಡೆಯ ಪಕ್ಕದಲ್ಲೇ ನಿಂತಿತು. ಎಷ್ಟು ತುಳಿದರೂ ಕದಲಲಿಲ್ಲ. ಮೇಲೆ ನೋಡಿದರೆ ಗೂಡುಗಳಲ್ಲಿ ಮರಿಗಳು ಕತ್ತು ಚಾಚಿ ಅರಚುತ್ತಿದ್ದವು. ತಾಯಂದಿರು ದೂರದಲ್ಲಿ ಸುತ್ತುತ್ತಿದ್ದವು. ಎಲ್ಲಿದ್ದವೋ ಕಾಗೆಗಳು, ಸರಸರನೆ ಬಂದು ಕೊಂಬೆಗಳ ಮೇಲೆ ಕೂತವು. ಒಂದು ಕಾಗೆ ಗೂಡಿನಿಂದ ಮೊಟ್ಟೆ ಎತ್ತಿಕೊಂಡು ನಮ್ಮ ತಲೆಯ ಮೇಲೇ ಹಾರಿಹೋಯಿತು. ಬಾವ ಬಾಯಿ ತೆರೆದು ಅದನ್ನೇ ನೋಡಿದರು.

"ತಮಟೆ ನಿಲ್ಸ್ರೋ!" ಎಂದು ಕೂಗಿ ಹೆಗಲ ಟವೆಲ್ ತೆಗೆದು ಬೀಸಿದರು. ಮೊದಲ ಬಾರಿಗೆ ಅವರ ಧ್ವನಿ ಸಾಲದಾಯಿತು. ಅಧ್ಯಕ್ಷರು ಖುಷಿಯಾಗಿ ಟವೆಲ್ ಬೀಸುತ್ತಿದ್ದಾರೆಂದು ಏರಿಯ ಮೇಲಿನವರು ತಿಳಿದು ಇನ್ನೂ ಜೋರಾಗಿ ಬಡಿದರು. ಬಾವ ಎರಡೂ ಕೈ ಬೀಸಿದರು. ಹುಡುಗರು ಶಿಳ್ಳೆ ಹೊಡೆದರು, ಕೆಲವರು ಕುಣಿಯತೊಡಗಿದರು.

ಆಗ ಅಕ್ಕ ಛತ್ರಿ ಮಡಿಸಿಟ್ಟು ದೋಣಿಯಲ್ಲಿ ಎದ್ದು ನಿಂತು, ಏರಿಯ ಕಡೆ ತಿರುಗಿ, ಸೊಂಟದ ಮೇಲೆ ಎರಡೂ ಕೈ ಇಟ್ಟರು. ಅಷ್ಟೇ. ಆ ನಿಲುವಿನ ಅರ್ಥ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಮಟೆ ಗಕ್ಕನೆ ನಿಂತಿತು.

"ಅಲ್ಲಾಡ್ಬೇಡಿ. ತಲೆ ತಗ್ಗಿಸ್ಕಂಡು ಕುಂತ್ಕಳಿ" ಎಂದರು ಅಕ್ಕ, ಯಾರಿಗೂ ಅಲ್ಲವೆಂಬಂತೆ. ನಾವು ಮೂವರೂ ಹಂಸದ ಕತ್ತಿನ ಮರೆಯಲ್ಲಿ ಮುದುರಿ ಕೂತೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಕೊಕ್ಕರೆ ಇಳಿಯಿತು. ಆಮೇಲೆ ಇನ್ನೊಂದು. ಕಾಗೆಗಳು ಗೊಣಗುತ್ತ ಎದ್ದುಹೋದವು. ನಮ್ಮ ಎದುರಿನ ಗೂಡಿಗೆ ಬಂದ ಹಕ್ಕಿ ಮರಿಗಳಿಗೆ ಬೆನ್ನು ಕೊಟ್ಟು, ಸೂರ್ಯನ ಕಡೆ ನಿಂತು, ಎರಡೂ ರೆಕ್ಕೆ ಅಗಲಿಸಿ ಕದಲದೆ ನಿಂತಿತು.

ಬಾವ ಅದನ್ನು ನೋಡಿದರು.  ಮತ್ತೆ ನೋಡಿದರು. ಆಮೇಲೆ ನಾನು ಆ ಗಂಟಲಿನಿಂದ ಎಂದೂ ಕೇಳದ ಒಂದು ಪಿಸುಮಾತು ಹೊರಟಿತು. "ಅದ್ಯಾಕೆ ಹಂಗೆ ರೆಕ್ಕೆ ಬುಟ್ಕಂಡು ನಿಂತದೆ?"

ಪ್ರಶ್ನೆ ನನಗಿರಬೇಕೆಂದು ಅಕ್ಕನ ಕಡೆ ತಿರುಗಿದೆ, ದಾಟಿಸಲು. ಅಕ್ಕ ನನ್ನನ್ನು ನೋಡಲೇ ಇಲ್ಲ.

"ಮರಿಗೆ ನೆಳ್ಳು ಮಾಡ್ತಾ ಐತೆ ಕಣ್ರೀ" ಎಂದರು ಗಂಡನಿಗೆ. "ಬಿಸ್ಲು ಜಾಸ್ತಿ ಅಲ್ವಾ."

 ಬಾವ ಅಕ್ಕನ ಛತ್ರಿಯನ್ನು ಮೆಲ್ಲಗೆ ತೆಗೆದುಕೊಂಡು ಬಿಚ್ಚಿ, ಅಕ್ಕನ ತಲೆಯ ಮೇಲೆ ಹಿಡಿದರು. ನಾನು ಬಿಸಿಲಲ್ಲೇ ಇದ್ದೆ. ಆದರೆ ನನಗೆ ಬೇಸರವಾಗಲಿಲ್ಲ.

ಮೀನು ಹಿಡಿಯುವವನು ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ತೆಪ್ಪ ತಂದು ನಮ್ಮನ್ನು ದಡ ಸೇರಿಸಿದ.

ಇಷ್ಟಕ್ಕೇ ಬಾವ ಬದಲಾದರು ಎಂದರೆ ನೀವು ನಂಬಬೇಡಿ. ಹೆಂಡತಿಯ ಮಾತು ಸರಿ ಎಂದು ಊರೆದುರು ಒಪ್ಪಿಕೊಳ್ಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಬೇಕು. ಮುಂದಿನ ಸಭೆಯಲ್ಲಿ ಅವರು ಹೇಳಿದ್ದು ಇಷ್ಟು: "ಗಡ್ಡೆ ಮಣ್ಣು ಒಸಿ ಸಡ್ಲ ಐತೆ, ಸಿಮೆಂಟ್ ನಿಲ್ಲಕಿಲ್ಲ. ಏನ್ ಮಾಡುದ್ರೂ ಏರಿ ಈಚೆಗೇ ಮಾಡುವಾ." ಕ್ಯಾಂಟೀನಿನ ಕನಸು ಕಂಡಿದ್ದವರು ಗಲಾಟೆ ಮಾಡಿದರು. "ಹಕ್ಕಿ ನೋಡಕೆ ಯಾವನ್ಲಾ ಬತ್ತನೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಹುಣಸೆ ಮರದ ಕೆಳಗೆ ಕಲ್ಲುಬೆಂಚು ಬಂತು, ಏರಿಯಿಂದ ತಗ್ಗಿನಲ್ಲಿ ಒಂದು ಟೀ ಅಂಗಡಿ ಬಂತು. ಗಡ್ಡೆಗೆ ಮಾತ್ರ ಮರಿ ಹಾರುವ ತನಕ ಯಾರೂ ಕಾಲಿಡುವಂತಿಲ್ಲ ಎಂದಾಯಿತು. ಹಂಸವನ್ನು ದಡಕ್ಕೆ ಎಳೆದು ನಿಲ್ಲಿಸಿದರು.

ಜನ ಬಂದರು. ಕ್ಯಾಮೆರಾ ಹೊತ್ತವರು, ಮಕ್ಕಳೊಂದಿಗರು, ಹಕ್ಕಿ ನೋಡಲು ಬಂದು ಹಂಸದ ಜೊತೆ ಫೋಟೋ ತೆಗೆಸಿಕೊಂಡು ಹೋದವರು. ಬಾವ ಅದನ್ನೇ ಹೇಳಿ ಹೇಳಿ, ಕೊನೆಗೂ ಒಂದು ಬಸ್ಸು ಹಾಕಿಸಿದರು. ಭಾನುವಾರ ಮಾತ್ರ. ಕಾಲೇಜಿಗೆ ಭಾನುವಾರ ರಜ.

ಆ ಮೊದಲ ಬಸ್ಸಿಗೆ ಪೂಜೆ ಮಾಡುವಾಗ ಶಿಲ್ಪ ನನ್ನ ಪಕ್ಕ ನಿಂತಿದ್ದಳು. "ಆಂಟಿ, ಹಕ್ಕಿ ನೋಡೋರಿಗೆ ಬಸ್ ಬಂತು ನೋಡಿ" ಎಂದು ನಕ್ಕಳು.  ದಿನವೂ ಬೆಳಿಗ್ಗೆ ಬಸ್ಸು ಬರುವಂತೆ ಮಾಡಲು ಬಾವ ಮತ್ತೆ ಅಲೆದರು. ಅದು ಬರುವ ಹೊತ್ತಿಗೆ ಅವಳಿಗೆ ಮದುವೆಯಾಗಿ ಕನಕಪುರದ ಕಡೆ ಹೋಗಿಯಾಗಿತ್ತು. ಅವಳ ತಂಗಿ ಆ ಬಸ್ಸಿನಲ್ಲಿ ಹೋಗಿ ಡಿಗ್ರಿ ಮುಗಿಸಿದಳು. ಸಿಮೆಂಟು ಹಾಕಿದ್ದರೆ ಬಸ್ಸು ಬೇಗ ಬರುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಒಂದಿಷ್ಟು ಅನುಮಾನ.

ಗೇಟಿನ ಬಣ್ಣ ಒಣಗಲು ಬಿಟ್ಟು, ಈ ಭಾನುವಾರ ಊರಿಗೆ ಹೋಗಿಬಂದೆ. ಬಾವ ಈಗ ಯಾವ ಅಧ್ಯಕ್ಷರೂ ಅಲ್ಲ, ಆದರೆ ಏರಿಯ ಮೇಲೆ ಅವರದೇ ಆಡಳಿತ. ಯಾರೋ ಪಟ್ಟಣದ ಹುಡುಗರು ಗಡ್ಡೆಯ ಮೇಲೆ ಡ್ರೋನ್ ಹಾರಿಸಲು ಹೊರಟಿದ್ದರಂತೆ. ಬಾವನ ಒಂದು ಕೂಗಿಗೆ ಡ್ರೋನೂ ಹುಡುಗರೂ ಒಟ್ಟಿಗೆ ನೆಲಕ್ಕಿಳಿದರಂತೆ. ಆದರೆ ನಾನು ಹೋದಾಗ ಜಗಳ ಬೇರೆಯದೇ ನಡೆದಿತ್ತು, ಗಂಡ ಹೆಂಡಿರ ನಡುವೆ. ಅಕ್ಕನಿಗೆ ಏರಿಯ ಹತ್ತಿರ ಒಂದು ಶೌಚಾಲಯ ಕಟ್ಟಿಸಬೇಕು.

"ಬಂದ್ ಹೆಂಗುಸ್ರು ಎಲ್ಲಿಗ್ ಹೋಗ್ಬೇಕು? ನಿನ್ನೆ ಒಬ್ಳು ಬಸ್ರಿ ಹೆಣ್ಮಗ ನಮ್ಮನೆ ತಂಕ ನಡ್ಕಂಡು ಬಂದ್ಲು ಕಣೇ."

"ಒಂದ್ ಇಟ್ಟಿಗೆ ಇಡಕ್ಕೂ ಬುಡಾಕಿಲ್ಲ!" ಎಂದರು ಬಾವ. "ಇವತ್ತು ಕಕ್ಕಸ್ಸು ಅಂತೀರಿ, ನಾಳೆ ಕಲ್ಯಾಣಮಂಟಪ ಅಂತೀರಿ. ಹಕ್ಕಿ ಬೆದರ್ತವೆ. ನೀನೇ ಹೇಳವ್ವ, ಓದ್ದೋಳು."

ಇಷ್ಟು ವರ್ಷಕ್ಕೆ ನನ್ನ ಅಭಿಪ್ರಾಯವನ್ನು ಕೇಳಿದ್ದರು. ನಾನು ಯಾವ ತಟ್ಟೆಯನ್ನೂ ಯಾರಿಗೂ ದಾಟಿಸಲಿಲ್ಲ. "ಕಟ್ಟಿಸ್ಲೇಬೇಕು ಬಾವ" ಎಂದೆ. "ಎಲ್ಲಿ ಅನ್ನೋದನ್ನ ನೀವೇ ಹೇಳಿ."

ಬಾವ ಗೊಣಗುತ್ತ ಒಂದು ಕೋಲು ಹಿಡಿದು ಏರಿ ಇಳಿದರು. ಕೆರೆಗೆ ಬೆನ್ನು ಹಾಕಿ ನಡೆಯತೊಡಗಿದರು. ಹುಣಸೆ ಮರ ದಾಟಿತು, ಟೀ ಅಂಗಡಿ ದಾಟಿತು, ಹಿಪ್ಪುನೇರಳೆ ತೋಟದ ಬೇಲಿಯೂ ದಾಟಿತು. ಅವರು ನಡೆಯುತ್ತಲೇ ಇದ್ದರು.

"ಇನ್ನೂ ಮುಂದಕ್ಕೋದ್ರೆ ಹೆಂಗುಸ್ರು ಬಸ್ ಹತ್ಕಂಡೇ ಹೋಗ್ಬೇಕಾಯ್ತದೆ!" ಎಂದು ಅಕ್ಕ ಏರಿಯ ಮೇಲಿಂದ ಕೂಗಿದರು.

ಬಾವ ನಿಂತರು. ತಿರುಗಿ ಕೆರೆಯ ಕಡೆ ನೋಡಿದರು. ಹಕ್ಕಿಗಳು ತಮ್ಮ ಪಾಡಿಗೆ ಕೂತಿದ್ದವು. ಅಕ್ಕನ ಕಡೆ ನೋಡಿದರು. ಅಕ್ಕನ ಕೈಗಳು ಇನ್ನೂ ಕೆಳಗೇ ಇದ್ದವು, ಆದರೆ ಹೆಚ್ಚು ಹೊತ್ತು ಹಾಗಿರುವ ಲಕ್ಷಣವಿರಲಿಲ್ಲ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು "ಇಲ್ಲೇನಾ?" ಎಂದು ಕೇಳುತ್ತ, ಬಾವ ನಮ್ಮ ಕಡೆಗೆ ವಾಪಸ್ಸು ಬರತೊಡಗಿದರು.